ತಂತಿ ಇಲ್ಲದ ಮನೆ: ಹೊರದೇಶದ ಮಕ್ಕಳಿಗೂ ಊರಿನ ಹಿರಿಯರಿಗೂ ಒಂದು ಲೆಕ್ಕದ ಪಾಠ



ನಮ್ಮ ಸಂಘದ ಸದಸ್ಯರಲ್ಲಿ ಮಕ್ಕಳು ಹೊರದೇಶದಲ್ಲಿ ದುಡಿಯುತ್ತಿರುವ ಕುಟುಂಬಗಳು ಈಗ ಬಹಳ ಇವೆ. ಊರಿನ ಜಮೀನಿನಲ್ಲಿ ಒಂದು ಮನೆ ಕಟ್ಟಬೇಕು, ಅದಕ್ಕೆ ವಿದ್ಯುತ್ ಕಂಪನಿಯ ತಂತಿಯ ಹಂಗು ಬೇಡ, ಸೂರ್ಯನ ಬಲದಿಂದಲೇ ಎಲ್ಲವೂ ನಡೆಯಬೇಕು ಎಂಬ ಆಸೆ ಆ ಮಕ್ಕಳಲ್ಲಿ ಹಲವರಿಗೆ ಉಂಟು. ಆಸೆ ಒಳ್ಳೆಯದು. ಆದರೆ ಹಣ ಒಂದು ದೇಶದಲ್ಲಿ, ಕೆಲಸ ಇನ್ನೊಂದು ದೇಶದಲ್ಲಿ ನಡೆಯುವಾಗ ಯಾವ ವಿಷಯಗಳನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು ಎಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ಸದಸ್ಯರೊಬ್ಬರು ತಮ್ಮ ಮಗಳನ್ನು ಅಫಜಲಪುರದ ಕಡೆಗೆ ಕೊಟ್ಟಿದ್ದಾರೆ. ಅಳಿಯನಿಗೆ ಕೊಲ್ಲಿ ದೇಶದಲ್ಲಿ ಕೆಲಸ. ಪಿತ್ರಾರ್ಜಿತವಾಗಿ ಬಂದ ತೊಗರಿ ಹೊಲದಲ್ಲಿ ಮನೆ ಕಟ್ಟಿಸಿ ತಂದೆತಾಯಿಯರನ್ನು ಇರಿಸಬೇಕೆಂಬುದು ಅವರ ಸಂಕಲ್ಪ. ವಿದ್ಯುತ್ ಕಂಬ ಹೊಲದಿಂದ ದೂರ. "ಮಲೆನಾಡಿನವರು ಸೋಲಾರ್ ದೀಪವನ್ನು ಬಹಳ ವರ್ಷಗಳಿಂದ ಬಳಸಿದವರು, ಒಮ್ಮೆ ಬಂದು ನೋಡಿ ಹೇಳಿ" ಎಂದು ಬೀಗರು ಕೇಳಿದ್ದರಿಂದ ನಾವು ಮೂವರು ಹೋಗಿ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳಲ್ಲಿ ಸುತ್ತಿ ಬಂದೆವು. ಅಲ್ಲಿ ಕಂಡದ್ದನ್ನೂ ನಮ್ಮ ಕಡೆಯ ಅನುಭವವನ್ನೂ ಕೂಡಿಸಿ ಇಲ್ಲಿ ಬರೆದಿದ್ದೇವೆ.

1. ಬಿಸಿಲ ನಾಡು ಮತ್ತು ಮಳೆಯ ನಾಡು

ಗಾಣಗಾಪುರದ ದತ್ತ ಕ್ಷೇತ್ರಕ್ಕೆ ಹೋಗಿ ಬಂದ ಸದಸ್ಯರಿಗೆ ಆ ಸೀಮೆ ಹೊಸದಲ್ಲ. ಕಲಬುರಗಿ ಜಿಲ್ಲೆಯ ಈ ತಾಲೂಕುಗಳಲ್ಲಿ ಕಪ್ಪು ಎರೆ ಭೂಮಿ. ತೊಗರಿ, ಜೋಳ, ನೀರಿರುವಲ್ಲಿ ಕಬ್ಬು. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಮರದ ನೆರಳು ಕಡಿಮೆ, ಆಕಾಶ ಬಯಲು. ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಅಲ್ಲಿ ಸಾಮಾನ್ಯ.

ಸೋಲಾರ್ ಲೆಕ್ಕದಲ್ಲಿ 'ಪೂರ್ಣ ಬಿಸಿಲಿನ ಗಂಟೆ' ಎಂಬ ಅಳತೆ ಇದೆ. ಇಡೀ ದಿನದ ಏರಿಳಿತದ ಬಿಸಿಲನ್ನು ನಡುಮಧ್ಯಾಹ್ನದ ಪ್ರಖರ ಬಿಸಿಲಿಗೆ ಸಮನಾಗಿಸಿದರೆ ಎಷ್ಟು ಗಂಟೆ ಆಗುತ್ತದೆ ಎಂಬುದೇ ಆ ಅಳತೆ. ಕಲಬುರಗಿ ಸೀಮೆಯಲ್ಲಿ ವರ್ಷದ ಸರಾಸರಿ ದಿನಕ್ಕೆ ಸುಮಾರು ಐದೂವರೆ ಗಂಟೆ. ಮಳೆಗಾಲದ ಜುಲೈ-ಆಗಸ್ಟ್‌ನಲ್ಲಿಯೂ ನಾಲ್ಕು, ನಾಲ್ಕೂಕಾಲು ಗಂಟೆಗೆ ಮೋಸವಿಲ್ಲ. ನಮ್ಮ ಘಟ್ಟದ ಅಂಚಿನ ತೋಟಗಳಲ್ಲಿ ಅದೇ ತಿಂಗಳುಗಳಲ್ಲಿ ಮೂರು ಗಂಟೆ ಎಂದು ಹಿಡಿಯುವುದೇ ಕ್ಷೇಮ. ಸಿಲ್ವರ್ ಓಕ್ ಮತ್ತು ಅಡಿಕೆ ಮರಗಳ ನೆರಳು ಬಿದ್ದರೆ ಅದೂ ಇಲ್ಲ.

ಹೊರದೇಶದಲ್ಲಿರುವ ಮಕ್ಕಳು ಇಲ್ಲೊಂದು ಅಂಶವನ್ನು ಗಮನಿಸತಕ್ಕದ್ದು. ಯುರೋಪ್, ಅಮೆರಿಕ ದೇಶಗಳಲ್ಲಿ ಇಂತಹ ಮನೆಗಳನ್ನು ಡಿಸೆಂಬರ್ ತಿಂಗಳಿಗೆ ಅಳತೆ ಮಾಡಿ ಕಟ್ಟುತ್ತಾರೆ. ಅಲ್ಲಿ ಚಳಿಗಾಲದಲ್ಲಿ ಸೂರ್ಯನು ಕೆಳಗೆ, ಹಗಲು ಚಿಕ್ಕದು. ಅದಕ್ಕಾಗಿ ಪ್ಯಾನೆಲ್‌ಗಳನ್ನು ಬಹಳ ಕಡಿದಾಗಿ ನಿಲ್ಲಿಸುತ್ತಾರೆ. ನಮ್ಮಲ್ಲಿ ಡಿಸೆಂಬರ್ ಒಳ್ಳೆಯ ಬಿಸಿಲಿನ ತಿಂಗಳು. ಕಷ್ಟದ ತಿಂಗಳು ಜುಲೈ-ಆಗಸ್ಟ್. ಆಗ ಸೂರ್ಯನು ನೆತ್ತಿಯ ಮೇಲೆ, ಮೋಡ ಅದರ ಕೆಳಗೆ. ಆದುದರಿಂದ ಅಲ್ಲಿ ಕಂಡ ನಕ್ಷೆಯನ್ನು ಇಲ್ಲಿಗೆ ಹಾಗೆಯೇ ಇಳಿಸುವುದು ಸಲ್ಲದು. ಸ್ಥಳದ ಅಕ್ಷಾಂಶದಷ್ಟು ವಾಲಿಸಿ ದಕ್ಷಿಣಕ್ಕೆ ಮುಖಮಾಡಿ ಇಟ್ಟರೆ ಸಾಕು: ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಸುಮಾರು 17 ಡಿಗ್ರಿ, ನಮ್ಮ ಕಡೆ 13 ಡಿಗ್ರಿ.

2. ಮೊದಲು ಮನೆಯ ಖರ್ಚಿನ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಸೋಲಾರ್ ಮನೆಗೆ ಹೇಳಿಮಾಡಿಸಿದಂತಿದೆ. ಪ್ಯಾನೆಲ್ ಎಷ್ಟು ಎಂದು ಕೇಳುವ ಮೊದಲು ಮನೆಯಲ್ಲಿ ದಿನಕ್ಕೆ ಎಷ್ಟು ವಿದ್ಯುತ್ ಬೇಕು ಎಂದು ಬರೆಯಬೇಕು. ಉಪಕರಣದ ವ್ಯಾಟ್ ಸಂಖ್ಯೆಯನ್ನು ಅದು ನಡೆಯುವ ಗಂಟೆಯಿಂದ ಗುಣಿಸಿದರೆ 'ವ್ಯಾಟ್-ಗಂಟೆ'. ಸಾವಿರ ವ್ಯಾಟ್-ಗಂಟೆ ಎಂದರೆ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್. ಅಫಜಲಪುರದ ಮನೆಗೆ ನಾವು ಕುಳಿತು ಹಾಕಿದ ಲೆಕ್ಕ ಹೀಗಿದೆ:

ಎಲ್.ಇ.ಡಿ. ದೀಪ, 9 ವ್ಯಾಟಿನವು 6, ದಿನಕ್ಕೆ 5 ಗಂಟೆ: 270
ಬಿ.ಎಲ್.ಡಿ.ಸಿ. ಫ್ಯಾನು, 30 ವ್ಯಾಟಿನವು 3, ದಿನಕ್ಕೆ 12 ಗಂಟೆ: 1,080
ಸಣ್ಣ ಫ್ರಿಜ್: ಸುಮಾರು 700
ಟಿ.ವಿ., 60 ವ್ಯಾಟ್, 3 ಗಂಟೆ: 180
ಇಂಟರ್ನೆಟ್ ಪೆಟ್ಟಿಗೆ, 10 ವ್ಯಾಟ್, 24 ಗಂಟೆ: 240
ಮಿಕ್ಸಿ, 500 ವ್ಯಾಟ್, ಕಾಲು ಗಂಟೆ: 125
ಅರ್ಧ ಅಶ್ವಶಕ್ತಿಯ ನೀರಿನ ಪಂಪು, 1 ಗಂಟೆ: ಸುಮಾರು 550
ಮೊಬೈಲ್ ಚಾರ್ಜ್: 55
ಒಟ್ಟು: 3,200 ವ್ಯಾಟ್-ಗಂಟೆ, ಅಂದರೆ ದಿನಕ್ಕೆ ಮೂರು ಯೂನಿಟ್ಟಿಗೆ ಸ್ವಲ್ಪ ಮೇಲೆ.

ಈ ಪಟ್ಟಿಯಲ್ಲಿ ಫ್ಯಾನಿನ ಸಾಲನ್ನು ನೋಡಿ. ಹಳೆಯ ಮಾದರಿಯ ಫ್ಯಾನು ಒಂದಕ್ಕೆ 75 ವ್ಯಾಟ್ ಎಳೆಯುತ್ತದೆ. ಅವನ್ನೇ ಹಾಕಿದ್ದರೆ 1,080ರ ಬದಲು 2,700 ಆಗುತ್ತಿತ್ತು. ಮೂರು ಫ್ಯಾನು ಬದಲಾಯಿಸುವ ಖರ್ಚು, ಆ ಹೆಚ್ಚಿನ ವಿದ್ಯುತ್ತಿಗೆ ಬೇಕಾಗುವ ಪ್ಯಾನೆಲ್-ಬ್ಯಾಟರಿಗಳ ಖರ್ಚಿನ ಮುಂದೆ ಬಹಳ ಕಡಿಮೆ. ಉಳಿಸಿದ ವಿದ್ಯುತ್ತೇ ಅಗ್ಗದ ವಿದ್ಯುತ್ತು.

ಪಟ್ಟಿಯಲ್ಲಿ ಇಲ್ಲದವುಗಳನ್ನೂ ಗಮನಿಸಬೇಕು. ಗೀಸರ್, ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆ ಇವು ಸಾವಿರ, ಎರಡು ಸಾವಿರ ವ್ಯಾಟ್ ಎಳೆಯುವಂಥವು. ಬ್ಯಾಟರಿಯ ಮೇಲೆ ಇವನ್ನು ಹೇರಬಾರದು. ಸ್ನಾನದ ನೀರಿಗೆ ಪ್ರತ್ಯೇಕ ಸೋಲಾರ್ ವಾಟರ್ ಹೀಟರ್, ಅಡುಗೆಗೆ ಗ್ಯಾಸ್ ಅಥವಾ ಗೋಬರ್ ಗ್ಯಾಸ್ ಇರಲಿ.

3. ಪ್ಯಾನೆಲ್ ಮತ್ತು ಬ್ಯಾಟರಿ

ಶಾಖ, ಧೂಳು, ತಂತಿ, ಇನ್ವರ್ಟರ್, ಬ್ಯಾಟರಿ ಇವೆಲ್ಲದರಲ್ಲಿ ಸೇರಿ ಸುಮಾರು ಶೇಕಡ 30 ಸೋರಿಹೋಗುತ್ತದೆ ಎಂದು ಹಿಡಿಯಬೇಕು. 3,200ನ್ನು 0.7ರಿಂದ ಭಾಗಿಸಿದರೆ ಸುಮಾರು 4,570. ಇದನ್ನು ಕಷ್ಟದ ತಿಂಗಳಿನ ನಾಲ್ಕೂಕಾಲು ಗಂಟೆಯಿಂದ ಭಾಗಿಸಿದರೆ 1,075. ಅಂದರೆ 550 ವ್ಯಾಟಿನ ಎರಡು ಪ್ಯಾನೆಲ್. ಇದೇ ಮನೆಯನ್ನು ನಮ್ಮ ಕಡೆ ಮೂರು ಗಂಟೆಯ ಲೆಕ್ಕದಲ್ಲಿ ಕಟ್ಟಿದರೆ 1,520 ವ್ಯಾಟ್, ಅಂದರೆ ಮೂರು ಪ್ಯಾನೆಲ್ ಬೇಕು. ಅಲ್ಲಿ ಏಪ್ರಿಲ್ ತಿಂಗಳಲ್ಲಿ ಬಿಸಿಲು ಆರೂವರೆ ಗಂಟೆಯವರೆಗೆ ಏರುವುದರಿಂದ ಅದೇ ಎರಡು ಪ್ಯಾನೆಲ್ ಐದು ಯೂನಿಟ್ಟಿನ ಹತ್ತಿರ ಕೊಡುತ್ತವೆ. 150 ವ್ಯಾಟಿನ ಕೂಲರ್ ಎಂಟು ಗಂಟೆ ನಡೆಸಿದರೂ ಸಾಲುತ್ತದೆ. ಬೇಸಗೆಯ ಸೆಕೆಗೆ ಬೇಸಗೆಯ ಬಿಸಿಲೇ ಮದ್ದು.

ಆದರೆ ಬಿಸಿಲು ಬೇರೆ, ಬಿಸಿ ಬೇರೆ. ಪ್ಯಾನೆಲ್‌ಗೆ ಬೆಳಕು ಬೇಕು, ಶಾಖ ಬೇಡ. ಪ್ಯಾನೆಲ್ ಮೇಲೆ ಬರೆದ ವ್ಯಾಟ್ 25 ಡಿಗ್ರಿಗೆ ಅಳೆದದ್ದು. ಅದಕ್ಕಿಂತ ಮೇಲೇರಿದ ಒಂದೊಂದು ಡಿಗ್ರಿಗೂ ಶೇಕಡ 0.35ರಿಂದ 0.4ರಷ್ಟು ಉತ್ಪತ್ತಿ ಇಳಿಯುತ್ತದೆ. ಗಾಳಿ 42 ಡಿಗ್ರಿ ಇರುವ ಮಧ್ಯಾಹ್ನ ಪ್ಯಾನೆಲ್ 65-70 ಡಿಗ್ರಿಗೆ ಕಾಯುತ್ತದೆ; ಶೇಕಡ 15ರಷ್ಟು ಅಲ್ಲೇ ಹೋಯಿತು. ಆದುದರಿಂದ ಮಾಳಿಗೆಗೆ ಅಂಟಿಸಿದಂತೆ ಹಾಕದೆ ಕೆಳಗೆ ಗಾಳಿಯಾಡಲು ಕನಿಷ್ಠ ಅರ್ಧ ಅಡಿ ಜಾಗ ಬಿಡಬೇಕು. ತೊಗರಿ ರಾಶಿಯ ಕಾಲದಲ್ಲಿ ಧೂಳು ವಿಪರೀತ. ವಾರಕ್ಕೊಮ್ಮೆ ಬೆಳಿಗ್ಗೆ ತಂಪಿರುವಾಗ ನೀರು ಹಾಕಿ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಕಾದ ಗಾಜಿಗೆ ತಣ್ಣೀರು ಎರಚಬಾರದು.

ಬ್ಯಾಟರಿಗೆ ಬರೋಣ. ಎರಡು ದಿನ ಮೋಡ ಮುಚ್ಚಿದರೂ ಮನೆ ನಡೆಯಬೇಕೆಂದರೆ 6,400 ವ್ಯಾಟ್-ಗಂಟೆ ಕೈಯಲ್ಲಿರಬೇಕು. ಸೀಸದ ಟ್ಯೂಬುಲರ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದು. ಹಾಗಾಗಿ 12,800 ಬೇಕು. 12 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿ ಒಂದರಲ್ಲಿ 1,800 ಇರುವುದರಿಂದ ಎಂಟು ಬ್ಯಾಟರಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಶೇಕಡ 80ರವರೆಗೆ ಬಳಸಬಹುದು, 8,000 ಸಾಕು. ಮೂರು ದಿನದ ಕೂಡಿಡುವಿಕೆ ಬೇಕಾಗುವ ನಮ್ಮ ಮಲೆನಾಡಿಗೆ ಇದೇ ಲೆಕ್ಕ ಒಂದೂವರೆ ಪಟ್ಟು. ಲಿಥಿಯಂ ಬೆಲೆ ಹೆಚ್ಚು, ಆದರೆ ನೀರು ಹಾಕುವ ಕೆಲಸವಿಲ್ಲ, ಬಾಳಿಕೆಯೂ ಹೆಚ್ಚು.

ಶಾಖವೇ ಬ್ಯಾಟರಿಯ ಶತ್ರು. ಸೀಸದ ಬ್ಯಾಟರಿ 25 ಡಿಗ್ರಿಯ ಮೇಲೆ ಹತ್ತು ಡಿಗ್ರಿ ಹೆಚ್ಚು ಶಾಖದಲ್ಲಿಯೇ ಇದ್ದರೆ ಅದರ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ ಎಂಬುದು ತಜ್ಞರ ಸ್ಥೂಲ ನಿಯಮ. ಆ ಸೀಮೆಯ ಹಳೆಯ ಮನೆಗಳ ದಪ್ಪ ಕಲ್ಲುಗೋಡೆ, ಮಣ್ಣು ಹೊದಿಸಿದ ಮಾಳಿಗೆ, ಶಹಾಬಾದ ಕಲ್ಲಿನ ನೆಲ, ಮೇಲಿನ ಬೆಳಕಿಂಡಿ ಇವು ಬಿಸಿಲನ್ನು ತಡೆಯಲೆಂದೇ ಹಿರಿಯರು ಕಂಡುಕೊಂಡ ಉಪಾಯಗಳು. ಹೊಸ ಮನೆಯಲ್ಲಿ ಎಲ್ಲವನ್ನೂ ಕಾಂಕ್ರೀಟು ಮಾಡಿದರೂ ಒಂದು ಕೋಣೆಯನ್ನಾದರೂ ಹಳೆಯ ಕ್ರಮದಲ್ಲಿ ಉತ್ತರ ದಿಕ್ಕಿಗೆ ಕಟ್ಟಿ ಬ್ಯಾಟರಿಯನ್ನು ಅಲ್ಲಿಡಿ ಎಂದು ನಾವು ಸಲಹೆ ಕೊಟ್ಟೆವು. ಸೀಸದ ಬ್ಯಾಟರಿಯಿಂದ ಹತ್ತಿಕೊಳ್ಳುವ ಅನಿಲ ಬರುವುದರಿಂದ ಆ ಕೋಣೆಗೆ ಗಾಳಿಕಿಂಡಿ ಅವಶ್ಯ. ದೀಪ, ಊದುಬತ್ತಿ ಹಚ್ಚುವ ದೇವರ ಕೋಣೆಯಲ್ಲಿ ಖಂಡಿತ ಇಡಬಾರದು.

ಇನ್ನು ನೀರು. ಮೇಲಿನ ತೊಟ್ಟಿಯೂ ಒಂದು ಬ್ಯಾಟರಿಯೇ. ಹಗಲು ಹನ್ನೊಂದರಿಂದ ಎರಡರೊಳಗೆ ಪಂಪು ನಡೆಸಿ ತೊಟ್ಟಿ ತುಂಬಿಸಿಟ್ಟರೆ ರಾತ್ರಿಯ ಕೂಡಿಟ್ಟ ವಿದ್ಯುತ್ತಿಗೆ ಕೈಹಾಕಬೇಕಾಗಿಲ್ಲ. ಮಿಕ್ಸಿ, ಬಟ್ಟೆ ಒಗೆಯುವ ಯಂತ್ರಗಳಿಗೂ ಇದೇ ಕ್ರಮ. ಗಾಳಿ ಬಂದಾಗ ತೂರಿಕೊಳ್ಳುವ ರೈತನಿಗೆ ಬಿಸಿಲು ಬಂದಾಗ ಬಳಸಿಕೊಳ್ಳುವುದನ್ನು ಕಲಿಸಬೇಕಾಗಿಲ್ಲ.

4. ಮಣ್ಣು, ಹೊಳೆ, ಸಿಡಿಲು

ಎರೆ ಮಣ್ಣು ಮಳೆಯಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ. ನೆಲದ ಮೇಲೆ ಪ್ಯಾನೆಲ್ ಚೌಕಟ್ಟು ನಿಲ್ಲಿಸುವುದಾದರೆ ಕಂಬದ ಗುಂಡಿಯನ್ನು ಗಟ್ಟಿ ಗರಸು ಸಿಗುವವರೆಗೆ ತೆಗೆಯಬೇಕು. ಹಳೆಯ ಮಣ್ಣಿನ ಮಾಳಿಗೆಯ ಮೇಲೆ, ತೊಲೆಗಳ ಬಲ ನೋಡದೆ, ಭಾರ ಹೇರಬಾರದು. ಮುಂಗಾರು ಪೂರ್ವದ ಬಿರುಗಾಳಿ ಪ್ಯಾನೆಲನ್ನು ಹಾಯಿಯಂತೆ ಎತ್ತುತ್ತದೆ. ನಟ್ಟು-ಬೋಲ್ಟು ತುಕ್ಕು ಹಿಡಿಯದ ಜಾತಿಯದಿರಲಿ.

ಭೀಮಾ ನದಿಯ ದಡದ ಊರುಗಳಿಗೆ ಇನ್ನೊಂದು ಮಾತು. 2020ರ ಅಕ್ಟೋಬರ್ ಪ್ರವಾಹದಲ್ಲಿ ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ನದಿದಡದ ಹಳ್ಳಿಗಳಿಗೆ ನೀರು ನುಗ್ಗಿತು. ಬ್ಯಾಟರಿ, ಇನ್ವರ್ಟರ್‌ಗಳನ್ನು ಆ ವರ್ಷ ನೀರು ಬಂದ ಗುರುತಿಗಿಂತ ಮೇಲೆ ಕಟ್ಟೆ ಕಟ್ಟಿ ಇಡಬೇಕು. ಗುರುತು ಎಲ್ಲಿ ಎಂಬುದು ಹೊರದೇಶದಲ್ಲಿ ಕುಳಿತವರಿಗೆ ತಿಳಿಯದು, ಪಕ್ಕದ ಹೊಲದವರನ್ನೇ ಕೇಳಬೇಕು. ಬಯಲಿನಲ್ಲಿ ಒಂಟಿಯಾಗಿ ನಿಂತ ಮನೆಗೆ ಸಿಡಿಲಿನ ಭಯ ಹೆಚ್ಚಾದುದರಿಂದ ಮಿಂಚುವಾಹಕ, ಸರಿಯಾದ ಅರ್ತಿಂಗ್, ಸರ್ಜ್ ರಕ್ಷಕ ಈ ಮೂರನ್ನೂ ಬಿಡಬಾರದು.

5. ಮನೆಯಲ್ಲಿ ಇರುವವರು ಯಾರು?

ಈ ಪಾಠದ ಮುಖ್ಯ ವಿಷಯ ಇದೇ. ಆಳಂದದ ಕಡೆ ಒಂದು ಮನೆ ನೋಡಿದೆವು. ಮಗ ಹೊರದೇಶದಿಂದ ಹಣ ಕಳಿಸಿ ಒಳ್ಳೆಯ ಸಾಮಾನನ್ನೇ ಹಾಕಿಸಿದ್ದ. ಮೊಬೈಲಿನಲ್ಲಿ ಅಲ್ಲಿಂದಲೇ ಬ್ಯಾಟರಿಯ ಅಂಕಿ ನೋಡುವ ಏರ್ಪಾಡೂ ಇತ್ತು. ಮನೆಯಲ್ಲಿದ್ದ ತಾಯಿ ಹೇಳಿದ ಮಾತು ಹೀಗಿದೆ: "ಅಂವ ಅಲ್ಲಿಂದ ಫೋನ್ ಮಾಡಿ ಕರೆಂಟ್ ಎಷ್ಟ ಅದ ಅಂತ ಹೇಳ್ತಾನ್ರಿ. ಇಲ್ಲಿ ದೀಪ ಯಾಕ ಹೋಯ್ತು ಅಂತ ನನಗ ತಿಳೀವಲ್ದು. ಕೇಳಬೇಕಂದ್ರ ಯಾರನ್ನ ಕೇಳಲಿ?" ಬ್ಯಾಟರಿಯಲ್ಲಿ ನೀರು ತಳ ಕಂಡಿತ್ತು. ಹಾಕಿಹೋದವರ ಅಂಗಡಿ ಬೇರೆ ಜಿಲ್ಲೆಯಲ್ಲಿ. ಸೂಚನೆಯ ಪುಸ್ತಕ ಇಂಗ್ಲಿಷಿನಲ್ಲಿ. ಎರಡು ತಿಂಗಳಿಂದ ಆ ತಾಯಿ ಸಂಜೆಗೆ ಚಾರ್ಜ್ ಮಾಡುವ ಟಾರ್ಚಿನ ಬೆಳಕಿನಲ್ಲಿ ಊಟ ಮಾಡುತ್ತಿದ್ದರು. ಟಾರ್ಚನ್ನು ಚಾರ್ಜ್ ಮಾಡಲು ಊರೊಳಗೆ ಕೊಟ್ಟು ಕಳಿಸಬೇಕಿತ್ತು. ದೂರದ ಬೆಟ್ಟ ನುಣ್ಣಗೆ ಎಂಬುದು ಅಂಕಿಗಳಿಗೂ ಅನ್ವಯಿಸುತ್ತದೆ.

ಈ ವಿಷಯದಲ್ಲಿ ನಮ್ಮ ರಾಜ್ಯದ ಎರಡು ಅನುಭವಗಳು ನೆನಪಿಡತಕ್ಕವು. ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಪುರ ಗ್ರಾಮದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಕೇಂದ್ರದವರು, ಪ್ರೊ. ಎ.ಕೆ.ಎನ್. ರೆಡ್ಡಿಯವರ ಮಾರ್ಗದರ್ಶನದಲ್ಲಿ, ಸಗಣಿ ಅನಿಲದಿಂದ ಯಂತ್ರ ನಡೆಸಿ 1987ರಿಂದ ಮನೆಗಳಿಗೆ ದೀಪ ಮತ್ತು ಕುಡಿಯುವ ನೀರು ಒದಗಿಸಿದರು. ಅದನ್ನು ದಿನವೂ ನಡೆಸಿದವರು ಅದೇ ಹಳ್ಳಿಯ ಯುವಕರು. ಇನ್ನೊಂದು, 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆ. ಇದರ ಸಂಸ್ಥಾಪಕರಲ್ಲೊಬ್ಬರಾದ ಶ್ರೀ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಕರಾವಳಿ, ಮಲೆನಾಡಿನ ಮನೆಗಳಿಗೆ ಬ್ಯಾಂಕ್ ಸಾಲದ ಮೂಲಕ ದೀಪ ಕೊಟ್ಟು, ಗ್ರಾಹಕರಿಗೆ ಹತ್ತಿರದಲ್ಲೇ ರಿಪೇರಿ ಕೇಂದ್ರ ತೆರೆದದ್ದು ಅವರ ಕೆಲಸದ ಕ್ರಮ. ಎರಡು ಕಡೆಯೂ ಪಾಠ ಒಂದೇ: ಯಂತ್ರ ಎಲ್ಲಿದೆಯೋ ಅದನ್ನು ನೋಡಿಕೊಳ್ಳುವವನೂ ಅಲ್ಲೇ ಇರಬೇಕು.

ಆದುದರಿಂದ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಒಳ್ಳೆಯದು:

(ಅ) ಮನೆಯಲ್ಲಿ ಅಥವಾ ನೆರೆಯಲ್ಲಿ ಇರುವ ಒಬ್ಬರನ್ನು, ಅವರು ಸೊಸೆಯಾಗಲಿ, ತಮ್ಮನ ಮಗನಾಗಲಿ, ಹೊಲ ನೋಡಿಕೊಳ್ಳುವ ಆಳಾಗಲಿ, ಮೊದಲೇ ಗೊತ್ತುಮಾಡಿ, ಸಾಮಾನು ಕೂಡಿಸುವ ದಿನ ಅವರೇ ಪಕ್ಕದಲ್ಲಿ ನಿಂತು ಕಲಿಯುವಂತೆ ಮಾಡಬೇಕು. ಆಳಾದರೆ ಅದಕ್ಕೆ ತಿಂಗಳಿಗಿಷ್ಟು ಎಂದು ಸಂಬಳ ಕೊಡಬೇಕು.

(ಆ) ಒಂದು ದಿನದೊಳಗೆ ಬಂದು ಹೋಗಬಲ್ಲ ರಿಪೇರಿಯವರು ಇರುವ ಅಂಗಡಿಯಲ್ಲೇ ಕೊಳ್ಳಬೇಕು. ಆಳಂದದ ಮನೆಗೆ ಕಲಬುರಗಿ ಹತ್ತಿರ. ಬೆಂಗಳೂರಿನ ರಿಯಾಯಿತಿ ಅಲ್ಲಿಗೆ ದೂರ.

(ಇ) ಯಾವ ಸ್ವಿಚ್ ಏನು, ದೀಪ ಹೋದರೆ ಮೊದಲು ಏನು ನೋಡಬೇಕು, ನೀರು ಯಾವಾಗ ಹಾಕಬೇಕು, ಯಾರಿಗೆ ಫೋನ್ ಮಾಡಬೇಕು, ಇಷ್ಟನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಸಿ ಗೋಡೆಗೆ ಹಾಕಬೇಕು.

(ಈ) ಕೊನೆಯ ಕಂತಿನ ಹಣವನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಡುವಂತೆ ಕರಾರಿನಲ್ಲೇ ಬರೆಸಬೇಕು. ಮಗ ರಜೆಗೆ ಬರುವುದಾದರೆ ಡಿಸೆಂಬರ್ ಬಿಟ್ಟು ಒಮ್ಮೆ ಜುಲೈಯಲ್ಲಿ ಬಂದು ಹತ್ತು ದಿನ ಇರಲಿ.

(ಉ) ಬ್ಯಾಟರಿ ಶಾಶ್ವತವಲ್ಲ. ಸೀಸದ್ದನ್ನು ಐದು ವರ್ಷ, ಲಿಥಿಯಂ ಹತ್ತು ವರ್ಷ ಎಂದು ಹಿಡಿದು, ಅದರ ಬೆಲೆಯ 60ನೆಯ ಅಥವಾ 120ನೆಯ ಭಾಗವನ್ನು ಪ್ರತಿ ತಿಂಗಳು ಹಿರಿಯರ ಹೆಸರಿನ ಆರ್.ಡಿ. ಖಾತೆಗೆ ಹಾಕುತ್ತಾ ಹೋಗಬೇಕು. ಮಗನ ಕೆಲಸ ಇರಲಿ ಹೋಗಲಿ, ಮನೆಯ ದೀಪ ಇರುತ್ತದೆ.

6. ಕಾಗದಪತ್ರ ಮತ್ತು ಸಹಾಯಧನ

ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ಪ್ರಕಾರ ಅನಿವಾಸಿ ಭಾರತೀಯರು ವಾಸದ ಮನೆ, ನಿವೇಶನ ಕೊಳ್ಳಬಹುದು. ಕೃಷಿ ಭೂಮಿ, ತೋಟ, ತೋಟದ ಮನೆಗಳನ್ನು ರಿಸರ್ವ್ ಬ್ಯಾಂಕಿನ ಅನುಮತಿ ಇಲ್ಲದೆ ಕೊಳ್ಳುವಂತಿಲ್ಲ. ವಾರಸಿನಿಂದ ಬಂದುದನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಮನೆ ಕಟ್ಟಿಸಲು ಊರಿನವರಿಗೆ ಅಧಿಕಾರಪತ್ರ ಬರೆದುಕೊಡುವುದಾದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮುಂದೆ ಸಹಿ ಹಾಕಿ ಕಳಿಸಬೇಕು. ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಅಧಿಕಾರ ಮನೆ ಕಟ್ಟಿಸುವಷ್ಟಕ್ಕೇ ಇರಲಿ. ಮಾರುವ ಅಧಿಕಾರವನ್ನು ಅದರಲ್ಲಿ ಸೇರಿಸುವುದು ಬೇಡ. ಕೃಷಿ ಜಮೀನಿನಲ್ಲಿ ಕಟ್ಟುವ ಮೊದಲು ಗ್ರಾಮ ಪಂಚಾಯಿತಿ ಮತ್ತು ತಹಸೀಲ್ದಾರ್ ಕಚೇರಿಯಲ್ಲಿ ವಿಚಾರಿಸಬೇಕು.

ಸಹಾಯಧನದ ಬಗ್ಗೆ ತಪ್ಪು ತಿಳುವಳಿಕೆ ಬಹಳವಿದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯ ಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್ ಮತ್ತು ಮೇಲ್ಪಟ್ಟ ಛಾವಣಿ ಘಟಕಕ್ಕೆ 78,000 ರೂಪಾಯಿವರೆಗೆ ಗೊತ್ತುಮಾಡಿದ್ದು ಕಂಪನಿಯ ತಂತಿಗೆ ಸೇರಿದ ಮನೆಗಳಿಗೆ. ತಂತಿ ಇಲ್ಲದ ಮನೆಗೆ ಅದನ್ನು ನಂಬಿ ಲೆಕ್ಕ ಹಾಕಬಾರದು. ಹಾಗೆಯೇ, ತಂತಿಗೆ ಸೇರಿಸಿದ ಸಾಧಾರಣ ಘಟಕವು ಕರೆಂಟ್ ಹೋದೊಡನೆ, ಬಿಸಿಲಿದ್ದರೂ, ತಾನೂ ನಿಲ್ಲುತ್ತದೆ. ಲೈನ್ ರಿಪೇರಿ ಮಾಡುವವರ ಜೀವರಕ್ಷಣೆಗಾಗಿ ಮಾಡಿದ ಏರ್ಪಾಡು ಅದು. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟ್ ಇಲ್ಲದ ನಮ್ಮ ಸದಸ್ಯರು ಇದನ್ನು ತಿಳಿದಿರಬೇಕು. ಕಂಬ ಮನೆಯ ಹತ್ತಿರವೇ ಇದ್ದರೆ ತಂತಿಯೂ ಬ್ಯಾಟರಿಯೂ ಎರಡೂ ಇರುವ ಹೈಬ್ರಿಡ್ ಇನ್ವರ್ಟರ್ ಏರ್ಪಾಡೇ ಮೇಲು; ಕಂಬ ದೂರವಿದ್ದಾಗ ಮಾತ್ರ ತಂತಿ ಇಲ್ಲದ ಮನೆ ನ್ಯಾಯವಾದ ಖರ್ಚು ಎಂಬುದು ನಮ್ಮ ಅಭಿಪ್ರಾಯ.

ಮುಕ್ತಾಯ

ಹೊರದೇಶದ ಮಕ್ಕಳು ಕಳಿಸುವ ಹಣದಿಂದ ಪ್ಯಾನೆಲ್ ಬರುತ್ತದೆ. ಅದನ್ನು ಒರೆಸುವ ಕೈ, ಬ್ಯಾಟರಿಗೆ ನೀರು ಹಾಕುವ ಕೈ ಊರಿನದು. ಹಿರಿಯರಿಗೆ ತಿಳಿಯದ ಯಂತ್ರವನ್ನು ಅವರ ಮನೆಯಲ್ಲಿಡುವುದಕ್ಕಿಂತ, ಅವರಿಗೆ ತಿಳಿಯುವಷ್ಟು ಸಣ್ಣದಾಗಿ ಆರಂಭಿಸಿ, ಒಂದು ಮಳೆಗಾಲ ನೋಡಿ, ಆಮೇಲೆ ಹೆಚ್ಚಿಸುವುದು ವಿವೇಕ. ಸದಸ್ಯರು ಈ ಪಾಠದ ಲೆಕ್ಕದ ಪಟ್ಟಿಯನ್ನು ತಮ್ಮ ಮನೆಗೆ ಹೊಂದಿಸಿ ಬರೆದು, ಹೊರದೇಶದಲ್ಲಿರುವ ಮಕ್ಕಳಿಗೆ ಮುಂಚಿತವಾಗಿ ಕಳಿಸಬೇಕೆಂದು ಕೋರುತ್ತೇವೆ. ಲೆಕ್ಕದಲ್ಲಿ ಸಂದೇಹವಿದ್ದವರು ಸಂಘದ ಕಚೇರಿಗೆ ಪಟ್ಟಿಯೊಡನೆ ಬಂದರೆ ಕುಳಿತು ಸರಿಪಡಿಸಿ ಕೊಡಲಾಗುವುದು.